ಓಲೆ ಇದ್ದಲ್ಲೇ ಇತ್ತು

ಅಕ್ಕನ ಎದೆಯಿಂದ ತೆಗೆದ ಗಡ್ಡೆಯನ್ನು ಕತ್ತರಿಸಿದ್ದು ನಾನು. ಮಂಗಳೂರಿನ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಮೈಕ್ರೋಟೋಮಿನ ಮುಂದೆ ಕೂತವಳು ನಾನು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ತುಂಡು, ಅದರ ಸುತ್ತ ಪ್ಯಾರಾಫಿನ್ ಮೇಣದ ಪುಟ್ಟ ಇಟ್ಟಿಗೆ. ಅದನ್ನು ಒಂದು ಮಿಲಿಮೀಟರನ್ನು ಇನ್ನೂರೈವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ತೆಳ್ಳಗೆ ಸೀಳಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳಬೇಕು. 2016ರ ಆಟಿ ತಿಂಗಳ ಒಂದು ಬೆಳಿಗ್ಗೆ ಟ್ರೇಯಲ್ಲಿ ಬಂದ ಬ್ಲಾಕಿನ ನಂಬರನ್ನು ಫಾರ್ಮಿನ ಜೊತೆ ತಾಳೆ ನೋಡಿದಾಗ ಅಲ್ಲಿ ಅಕ್ಕನ ಹೆಸರಿತ್ತು. ಪಕ್ಕದಲ್ಲಿದ್ದ ಹುಡುಗನಿಗೆ ಕೊಡಬಹುದಿತ್ತು. ಕೊಡಲಿಲ್ಲ. ನನ್ನ ಕೈ ಅಂದಿನಷ್ಟು ಸ್ಥಿರವಾಗಿ ಯಾವತ್ತೂ ಇರಲಿಲ್ಲ. ಮಡಿಕೆ ಇಲ್ಲದ, ಗೀರಿಲ್ಲದ ರಿಬ್ಬನ್ ಬಂತು. ಆ ಸ್ಲೈಡುಗಳಿಗೆ ಬಣ್ಣ ಕೊಟ್ಟು ನೋಡಿದರೆ ಈಸ್ಟ್ರೋಜೆನ್ ಗ್ರಾಹಕ ಇಲ್ಲ, ಪ್ರೊಜೆಸ್ಟರಾನ್ ಗ್ರಾಹಕ ಇಲ್ಲ, ಹರ್-2 ಇಲ್ಲ. ಮೂರೂ ಇಲ್ಲದ ಈ ಬಗೆಗೆ ಲ್ಯಾಬಿನಲ್ಲಿ ಟ್ರಿಪಲ್ ನೆಗೆಟಿವ್ ಅನ್ನುತ್ತೇವೆ. ಆ ಶಬ್ದ ಕೇಳಿದಾಗ ನಮ್ಮಲ್ಲಿ ಯಾರೂ ಕೂಡಲೇ ಮಾತಾಡುವುದಿಲ್ಲ.

ಆಪರೇಶನ್ ಆಗಿ ಎರಡನೇ ವಾರ ಮೂಡುಬಿದಿರೆಯ ಮನೆಗೆ ನೋಡಲು ಬಂದವರಲ್ಲಿ ಭಾವನ ಕಡೆಯ ಹಿರಿಯ ಹೆಂಗಸೊಬ್ಬರಿದ್ದರು. ದಿನಾ ಬಸದಿಗೆ ಹೋಗುವವರು, ಅಷ್ಟಮಿ ಚತುರ್ದಶಿಯ ಉಪವಾಸ ತಪ್ಪಿಸದವರು, ಕಷ್ಟಕ್ಕೆ ಆಗುವವರು. ಕಾಫಿಯ ಲೋಟ ಕೆಳಗಿಡುತ್ತ ಅವರೆಂದರು: ‘ಯಾವ ಜನ್ಮದಲ್ಲಿ ಯಾವ ಕೂಸಿನ ಹಾಲು ತಪ್ಪಿಸಿದ್ದೋ, ಕರ್ಮ ಬಿಡ್ತದಾ?’ ಅಕ್ಕ ಮಲಗಿದ್ದು ಪಕ್ಕದ ಕೋಣೆಯಲ್ಲಿ. ನಡುವೆ ಇದ್ದದ್ದು ಹಲಗೆಯ ಗೋಡೆ.

ರಾತ್ರಿ ಗಾಯದ ಪಟ್ಟಿ ಬದಲಿಸುವಾಗ ಅಕ್ಕ ನನ್ನನ್ನು ಕೇಳಿದಳು, ‘ನೀನು ಒಳಗೆ ನೋಡಿದವಳಲ್ವಾ? ಅಲ್ಲಿ ಎಂತ ಬರ್ದಿತ್ತು, ಹೇಳು ಮಾರಾಯ್ತಿ.’

ನಾನು ಸುಮ್ಮನಿದ್ದೆ. ಸೂಕ್ಷ್ಮದರ್ಶಕದ ಕೆಳಗೆ ಕಾಣುವುದು ನೇರಳೆ ಬಣ್ಣದ ಕಣಗಳು, ಗುಲಾಬಿ ಬಣ್ಣದ ಎಳೆಗಳು. ಆದರೆ ಅವಳು ಕೇಳಿದ ಪ್ರಶ್ನೆ ತಪ್ಪು ಪ್ರಶ್ನೆಯಲ್ಲ ಅನ್ನುವುದು ನನಗೆ ಆಗಲೂ ಗೊತ್ತಿತ್ತು. ಒಳಗೆ ಬರಹ ಇದ್ದೇ ಇದೆ. ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರಲ್ಲಿ 17ನೇ ಕ್ರೋಮೋಸೋಮಿನ ಮೇಲೆ ಬಿಆರ್‌ಸಿಎ1 ಎಂಬ ಜೀನ್ ಇದೆ. ಅದರ ಜಾಗವನ್ನು ಅಮೆರಿಕದ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿಕೊಟ್ಟರು; 1994ರಲ್ಲಿ ಜೀನೇ ಕೈಗೆ ಸಿಕ್ಕಿತು. ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ಕಡಿದುಹೋದಾಗ ತಪ್ಪಿಲ್ಲದೆ ಕೂಡಿಸುವ ಕೆಲಸಕ್ಕೆ ಅದು ಬೇಕು. ಅದು ಕೆಲಸ ನಿಲ್ಲಿಸಿದರೆ ಕಡಿತಗಳು ಹೇಗೆ ಹೇಗೋ ಅಂಟಿಕೊಳ್ಳುತ್ತವೆ, ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಗಡ್ಡೆ ಏಳದಂತೆ ತಡೆಯುವ ಜೀನುಗಳ ಸಾಲಿಗೆ ಇದನ್ನು ಸೇರಿಸಿರುವುದು ಅದಕ್ಕೇ.

ಅಕ್ಕನಿಗೆ ಆಗ 52. ಬೆಂಗಳೂರಿನಲ್ಲಿದ್ದ ಅವಳ ಮಗಳಿಗೂ ತಿಳಿಯಬೇಕಿತ್ತು. ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆವು. ಬಿಆರ್‌ಸಿಎ1 ಸರಿ ಇದೆ, ಬಿಆರ್‌ಸಿಎ2 ಸರಿ ಇದೆ, ಅಕ್ಷರದೋಷ ಇಲ್ಲ ಎಂದು ವರದಿ ಬಂತು. ಮಗಳು ಫೋನಿನಲ್ಲಿ ಅತ್ತಳು, ಸಮಾಧಾನದಿಂದ. ಅಕ್ಕನ ಸಮಾಧಾನ ಒಂದು ಗಂಟೆ ಉಳಿಯಲಿಲ್ಲ. ‘ಅಮ್ಮನಿಂದ ಬಂದದ್ದಲ್ಲ ಅಂತಾದರೆ ಇದು ನನ್ನದೇ ಅಂತಾಯ್ತಲ್ಲ’ ಎಂದಳು.

ನಮ್ಮ ಕಟ್ಟಡದ ಮೇಲ್ಮಹಡಿಯಲ್ಲಿ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ನಾನು ಬ್ಲಾಕುಗಳನ್ನು ಸೀಳಿಕೊಡುತ್ತಿದ್ದೆ. ಅಕ್ಕ ಒಪ್ಪಿ ಸಹಿ ಹಾಕಿದ ಮೇಲೆ ಅವಳ ಗಡ್ಡೆಯ ಕೆಲವು ಸೀಳುಗಳೂ ಹೋದವು. ತಿಂಗಳುಗಳ ನಂತರ ಆ ಹುಡುಗಿ ಇಳಿದು ಬಂದು ಹೇಳಿದ ಮಾತು ನನಗೆ ಹಾಗೇ ನೆನಪಿದೆ: ‘ಅಕ್ಷರ ಒಂದೂ ಹೋಗಿಲ್ಲ ಮೇಡಂ. ಓದುವುದು ನಿಂತಿದೆ.’

ಬಿಆರ್‌ಸಿಎ1ರ ಬಾಗಿಲಿಗೆ ಮಿಥೈಲ್ ಗುಂಪುಗಳು ಮೆತ್ತಿಕೊಂಡಿದ್ದವು. ಮಿಥೈಲ್ ಅಂದರೆ ಒಂದು ಕಾರ್ಬನ್, ಅದನ್ನು ಹಿಡಿದ ಮೂರು ಹೈಡ್ರೋಜನ್. ರಸಾಯನಶಾಸ್ತ್ರದಲ್ಲಿ ಅದಕ್ಕಿಂತ ಸಣ್ಣ ಸಾಮಾನು ಹೆಚ್ಚಿಲ್ಲ. ಡಿಎನ್‌ಎಯಲ್ಲಿ ಸಿ ಅಕ್ಷರದ ಮುಂದೆ ಜಿ ಬಂದ ಕಡೆ ಆ ಸಿ ಮೇಲೆ ಇದು ಕೂರಬಹುದು. ಅನೇಕ ಜೀನುಗಳ ಶುರುವಿನಲ್ಲಿ ಇಂಥ ಸಿ-ಜಿ ಜೋಡಿಗಳು ಒತ್ತೊತ್ತಾಗಿ ಇರುತ್ತವೆ, ಸಾಮಾನ್ಯವಾಗಿ ಅವುಗಳ ಮೇಲೆ ಏನೂ ಕೂತಿರುವುದಿಲ್ಲ. ಕೂತರೆ, ಬೇರೆ ಪ್ರೋಟೀನುಗಳು ಅದನ್ನೇ ಗುರುತು ಮಾಡಿಕೊಂಡು ಬಂದು ಆ ಭಾಗವನ್ನು ಬಿಗಿಯಾಗಿ ಸುತ್ತಿಬಿಡುತ್ತವೆ. ಜೀನನ್ನು ಓದುವ ಯಂತ್ರಕ್ಕೆ ಕಾಲಿಡಲು ಜಾಗವಿಲ್ಲ. ವಂಶದಿಂದ ಬಾರದ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಹತ್ತರಲ್ಲಿ ಒಂದರಲ್ಲಿ ಬಿಆರ್‌ಸಿಎ1 ಹೀಗೆ ಮುಚ್ಚಿಕೊಂಡಿರುತ್ತದೆ, ಟ್ರಿಪಲ್ ನೆಗೆಟಿವ್‌ನಲ್ಲಿ ಇನ್ನೂ ಹೆಚ್ಚು. ಆರ್‌ಎಎಸ್‌ಎಸ್‌ಎಫ್1ಎ ಎಂಬ ಇನ್ನೊಂದು ಕಾವಲು ಜೀನ್ ಸ್ತನ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ ರೀತಿ ಮೌನವಾಗಿರುತ್ತದೆ.

ಆ ಹುಡುಗಿ ಅದನ್ನು ಹೇಳುತ್ತಿದ್ದಾಗ ನನ್ನ ಕಣ್ಣಿಗೆ ಬಂದದ್ದು ಮೂಡುಬಿದಿರೆಯ ಗುರು ಬಸದಿ.

ನಮ್ಮೂರಿನವರಲ್ಲದವರಿಗೆ ಹೇಳಬೇಕು. ಪ್ರವಾಸಿಗರು ಬರುವುದು 1430ರ ಸಾವಿರ ಕಂಬದ ಬಸದಿಗೆ. ನಮ್ಮ ಅಪ್ಪ ನಮ್ಮಿಬ್ಬರನ್ನು, ಗ್ರಂಥಗಳಿಗೆ ಪೂಜೆ ನಡೆಯುವ ಶ್ರುತಪಂಚಮಿಯಂದು, ಕರೆದೊಯ್ಯುತ್ತಿದ್ದದ್ದು ಗುರು ಬಸದಿಗೆ. ಸಿದ್ಧಾಂತ ಬಸದಿ ಅಂತಲೂ ಅದಕ್ಕೆ ಹೆಸರು. ಜೈನ ಗ್ರಂಥವಾದ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಧವಲಾ ಟೀಕೆ, ಜೊತೆಗೆ ಜಯಧವಲಾ, ಮಹಾಧವಲಾ ಅನ್ನುವ ಮಹಾಬಂಧ, ಇವುಗಳ ತಾಳೆಗರಿ ಪ್ರತಿಗಳು ಉಳಿದದ್ದು ಅಲ್ಲಿ. ಪ್ರಾಕೃತ, ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ. ಕರ್ಮ ಆತ್ಮಕ್ಕೆ ಹೇಗೆ ಅಂಟುತ್ತದೆ, ಎಷ್ಟು ಕಾಲ ಇರುತ್ತದೆ, ಹೇಗೆ ಉದುರುತ್ತದೆ ಎಂಬುದೇ ಅವುಗಳ ವಿಷಯ. ಶತಮಾನಗಳ ಕಾಲ ಆ ಓಲೆಗಳಿಗೆ ದರ್ಶನ ಮಾತ್ರ ಇತ್ತು. ದೂರದಿಂದ ಬಂದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಓದಲು ಯಾರಿಗೂ ಕೊಡುತ್ತಿರಲಿಲ್ಲ. ಬರಹ ಬಹುಪಾಲು ಉಳಿದೇ ಇತ್ತು, ಆದರೂ ನಾಡಿನ ಪಂಡಿತರಿಗೆ ಅದರೊಳಗೆ ಏನಿದೆ ಎಂದು ತಿಳಿದಿರಲಿಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವುದು ಶುರುವಾಯಿತು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಓಲೆ ಇದ್ದಲ್ಲೇ ಇತ್ತು. ಪೆಟ್ಟಿಗೆ ಮುಚ್ಚಿತ್ತು.

ಅಕ್ಕನಿಗೆ ಹಾಗೆಯೇ ಹೇಳಿದೆ. ಅವಳಿಗೆ ಒಂದೇ ಕ್ಷಣಕ್ಕೆ ಅರ್ಥವಾಯಿತು. ‘ಮುಚ್ಚಿದ್ದು ಯಾರು?’ ಎಂದು ಕೇಳಿದಳು.

ಮುಚ್ಚಿದ ಕೈ ಯಾವುದೆಂದು ಗೊತ್ತಿದೆ, ಯಾಕೆಂದು ಗೊತ್ತಿಲ್ಲ. ಡಿಎನ್‌ಎಂಟಿ ಎಂಬ ಹೆಸರಿನ ಕಿಣ್ವಗಳು ಈ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು ಲಿಪಿಕಾರನಂತೆ. ಜೀವಕೋಶ ಒಡೆದು ಎರಡಾಗುವಾಗ ಹಳೆಯ ಎಳೆಯ ಮೇಲೆ ಎಲ್ಲೆಲ್ಲಿ ಮಿಥೈಲ್ ಇದೆ ಎಂದು ನೋಡಿ ಹೊಸ ಎಳೆಯ ಮೇಲೂ ಅಲ್ಲಲ್ಲೇ ಇಡುತ್ತದೆ. ಹೀಗಿರಬಹುದು ಎಂದು 1975ರಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಒಂದು ಕಡೆ, ಆರ್ಥರ್ ರಿಗ್ಸ್ ಇನ್ನೊಂದು ಕಡೆ ಊಹಿಸಿದ್ದರು. ಆದ್ದರಿಂದ ಒಂದು ಜೀವಕೋಶದಲ್ಲಿ ಒಮ್ಮೆ ಮುಚ್ಚಿದ ಬಾಗಿಲು ಅದರ ಮಕ್ಕಳಲ್ಲೂ ಮೊಮ್ಮಕ್ಕಳಲ್ಲೂ ಮುಚ್ಚಿಯೇ ಇರುತ್ತದೆ. ಅಕ್ಷರ ತಿದ್ದದೆಯೇ ಒಂದು ಮೌನ ವಂಶಪಾರಂಪರ್ಯವಾಗಿ ಇಳಿಯುತ್ತದೆ.

ಇಲ್ಲಿಗೆ ಬಂದ ಮೇಲೆ ಜೈನರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಆಸೆ ಹುಟ್ಟುವುದು ಸಹಜ. ಉಳಿದ ದರ್ಶನಗಳಲ್ಲಿ ಕರ್ಮವೆಂದರೆ ಮಾಡಿದ ಕೆಲಸ, ಅದರ ಸಂಸ್ಕಾರ. ನಮ್ಮಲ್ಲಿ ಕರ್ಮ ವಸ್ತು, ಪುದ್ಗಲ. ಎಣ್ಣೆ ಹಚ್ಚಿದ ಮೈಗೆ ಧೂಳು ಹತ್ತುವಂತೆ ಸಿಟ್ಟು, ಲೋಭದಂಥ ಕಷಾಯಗಳಿಂದ ಜಿಡ್ಡಾದ ಆತ್ಮಕ್ಕೆ ಹತ್ತುವ ಸೂಕ್ಷ್ಮ ಕಣ. ಅದು ಆತ್ಮದ ಸ್ವಭಾವವನ್ನು ಕೆಡಿಸುವುದಿಲ್ಲ, ಮರೆಮಾಡುತ್ತದೆ. ಗೊಮ್ಮಟಸಾರದಲ್ಲಿ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಎಂಟು ಕರ್ಮಗಳಿಗೂ ಒಂದೊಂದು ಹೋಲಿಕೆ ಕೊಟ್ಟಿದ್ದಾರೆ. ಪಾಠಶಾಲೆಯಲ್ಲಿ ಅವನ್ನು ಬಾಯಿಪಾಠ ಮಾಡಿದವರು ನಾವು. ಜ್ಞಾನಾವರಣೀಯ, ಮುಖಕ್ಕೆ ಹೊದಿಸಿದ ಬಟ್ಟೆಯಂತೆ. ದರ್ಶನಾವರಣೀಯ, ಬಾಗಿಲಲ್ಲಿ ತಡೆಯುವ ಕಾವಲುಗಾರನಂತೆ. ವೇದನೀಯ, ಜೇನು ಸವರಿದ ಕತ್ತಿಯಂತೆ. ಬಟ್ಟೆ, ಕಾವಲುಗಾರ: ಮಿಥೈಲ್ ಬಗ್ಗೆ ನಾನು ಕೇಳಿದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ!

ಒಂದು ಧರ್ಮಸಭೆಯಲ್ಲಿ ವಿದ್ವಾಂಸರೊಬ್ಬರು ಹಾಗೆ ಹೇಳಿಯೂ ಹೇಳಿದರು. ಮಿಥೈಲ್ ಗುಂಪೇ ಕರ್ಮ ಪರಮಾಣು, ನಮ್ಮ ಆಚಾರ್ಯರು ಇದನ್ನು ಸಾವಿರ ವರ್ಷ ಮೊದಲೇ ಕಂಡಿದ್ದರು ಎಂದು. ಜನ ಚಪ್ಪಾಳೆ ತಟ್ಟಿದರು. ನನಗೆ ಎದೆ ಭಾರವಾಯಿತು. ಮಿಥೈಲೇ ಕರ್ಮವಾದರೆ ಅಕ್ಕನ ಬ್ಲಾಕಿನಲ್ಲಿ ನಾನು ಸೀಳಿದ್ದು ಅವಳ ಪಾಪವನ್ನು, ಮತ್ತು ಆ ಹಿರಿಯ ಹೆಂಗಸು ಹೇಳಿದ್ದು ಸರಿ.

ಅದು ಸರಿಯಲ್ಲ. ಮೊದಲನೆಯದಾಗಿ ಮಿಥೈಲ್ ದೋಷವೇ ಅಲ್ಲ. ಕಣ್ಣಿನ ಜೀವಕೋಶಕ್ಕೂ ಪಿತ್ತಜನಕಾಂಗದ ಜೀವಕೋಶಕ್ಕೂ ಇರುವುದು ಒಂದೇ ಗ್ರಂಥ. ಯಾವ ಪುಟ ಯಾರು ಓದಬಾರದು ಎಂದು ನಿರ್ಧಾರವಾಗುವುದರಲ್ಲಿ ಈ ಗುರುತುಗಳ ಪಾಲಿದೆ. ಪ್ರತಿ ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದನ್ನು ಮೌನವಾಗಿ ಇಟ್ಟಿರುವುದರಲ್ಲೂ ಇದರ ಕೈ ಇದೆ. ಲಿಪಿಕಾರ ಕಿಣ್ವದ ಜೀನನ್ನೇ ಕೆಡಿಸಿದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ ಎಂದು 1992ರಲ್ಲಿ ಕಂಡುಕೊಂಡರು. ಕರ್ಮವಾದರೋ, ಪುಣ್ಯದ್ದೂ ಕೊನೆಗೆ ಉದುರಲೇಬೇಕು. ಎಲ್ಲ ಉದುರಿದ ಮೇಲೆ ಮೋಕ್ಷ. ಮಿಥೈಲ್ ಎಲ್ಲ ಉದುರಿದ ದೇಹಕ್ಕೆ ಮೋಕ್ಷವಿಲ್ಲ, ಬದುಕೂ ಇಲ್ಲ. ಕ್ಯಾನ್ಸರಿನಲ್ಲೇ ನೋಡಿ: ಗಡ್ಡೆಯ ಡಿಎನ್‌ಎಯಲ್ಲಿ ಕೆಲವು ಜೀನುಗಳ ಬಾಗಿಲಿಗೆ ಮಿಥೈಲ್ ಹೆಚ್ಚಾದರೆ, ಉಳಿದ ವಿಶಾಲ ಬಯಲಿನಲ್ಲಿ ಅದು ಕಡಿಮೆಯಾಗಿರುತ್ತದೆ, ಹೀಗೆ ಕಡಿಮೆಯಾಗುವುದನ್ನು ಫೈನ್‌ಬರ್ಗ್ ಮತ್ತು ವೊಗೆಲ್‌ಸ್ಟೀನ್ 1983ರಲ್ಲೇ ತೋರಿಸಿದರು. ತೆರೆದಿರಬೇಕಾದ್ದು ಮುಚ್ಚಿಕೊಂಡಿದೆ, ಮುಚ್ಚಿರಬೇಕಾದ್ದು ತೆರೆದುಕೊಂಡಿದೆ. ಕೆಟ್ಟದ್ದು ಕ್ರಮ.

ಎರಡನೆಯದು ನನಗೆ ಇನ್ನೂ ಮುಖ್ಯ. ನಮ್ಮ ಸಿದ್ಧಾಂತದಲ್ಲಿ ಕರ್ತೃವೇ ಭೋಕ್ತೃ. ಮಾಡಿದ ಜೀವವೇ ಉಣ್ಣಬೇಕು, ಬೇರೆಯವರದ್ದು ಬೇರೆಯವರಿಗೆ ದಾಟುವುದಿಲ್ಲ. ಮಿಥೈಲ್‌ಗೆ ಈ ನಿಯಮ ಇಲ್ಲ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ತಡೆದದ್ದರಿಂದ ಪಶ್ಚಿಮ ನೆದರ್ಲೆಂಡ್ಸ್‌ನಲ್ಲಿ ಭೀಕರ ಹಸಿವು ಬಿತ್ತು. ಆ ಹಸಿವಿನ ದಿನಗಳಲ್ಲಿ ತಾಯಿಯ ಹೊಟ್ಟೆಯಲ್ಲಿ ಮೂಡಿದ ಮಕ್ಕಳ ರಕ್ತವನ್ನು ಆರು ದಶಕದ ನಂತರ ಪರೀಕ್ಷಿಸಿದರು. ಐಜಿಎಫ್2 ಎಂಬ ಜೀನಿನ ಮೇಲೆ ಮಿಥೈಲ್, ಹಸಿವಿಲ್ಲದ ಕಾಲದಲ್ಲಿ ಮೂಡಿದ ಅವರ ಸ್ವಂತ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅನ್ನ ತಡೆದವನು ಒಬ್ಬ, ಉಪವಾಸ ಬಿದ್ದವಳು ಒಬ್ಬಳು, ಗುರುತು ಹೊತ್ತದ್ದು ಮೂರನೆಯ ಜೀವ.

ಇದಕ್ಕೆ ಶ್ರದ್ಧಾವಂತರು ಕೊಡುವ ಉತ್ತರ ನನಗೆ ಗೊತ್ತು, ನಾನೂ ಶ್ರದ್ಧಾವಂತಳೇ. ಆ ಗರ್ಭವನ್ನೇ ಆ ಜೀವ ಸೇರಿದ್ದು ಯಾಕೆ, ಅದೇ ಪೂರ್ವಕರ್ಮ ಎನ್ನುತ್ತಾರೆ. ಲ್ಯಾಬಿನ ಯಾವ ಪರೀಕ್ಷೆಯೂ ಈ ಮಾತನ್ನು ಸುಳ್ಳು ಮಾಡಲಾರದು. ಹಾಗೆಯೇ ಬದುಕಿರುವ ಯಾರೂ ಇದನ್ನು ನಿಜ ಎಂದು ತಿಳಿದಿಲ್ಲ. ಇನ್ನೊಂದು ಜೀವದ ಕರ್ಮವನ್ನು ಪೂರ್ತಿಯಾಗಿ ಕಾಣಬಲ್ಲವರು ಕೇವಲಿಗಳು. ಜಂಬೂಸ್ವಾಮಿಗಳೇ ಕೊನೆಯ ಕೇವಲಿ, ಈ ಪಂಚಮ ಕಾಲದಲ್ಲಿ ಇಲ್ಲಿ ಇನ್ನೊಬ್ಬರಿಲ್ಲ ಎಂದು ನಮ್ಮ ಪರಂಪರೆಯೇ ಹೇಳುತ್ತದೆ. ಹಾಗಿರುವಾಗ ಹಾಸಿಗೆ ಹಿಡಿದವಳ ಪಕ್ಕದಲ್ಲಿ ಕೂತು ಅವಳ ಹಿಂದಿನ ಜನ್ಮದ ಲೆಕ್ಕ ಓದುವವರು ತಮಗೆ ಕಾಣದ್ದನ್ನು ಕಂಡಂತೆ ಹೇಳುತ್ತಿದ್ದಾರೆ. ಸತ್ಯ ಅಣುವ್ರತ ಹಿಡಿದವರಿಗೆ ಅದು ವ್ರತಭಂಗ.

ಪೂರ್ವಜನ್ಮವನ್ನು ನಂಬದವರೂ ಈ ತಪ್ಪಿನಿಂದ ತಪ್ಪಿಸಿಕೊಂಡಿಲ್ಲ. ಕೀಮೊ ನಡೆಯುತ್ತಿದ್ದ ತಿಂಗಳುಗಳಲ್ಲಿ ಓದಿದವರು, ಕೆಲಸದಲ್ಲಿದ್ದವರು ಅಕ್ಕನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಬೇರೆ ಥರದ ಪ್ರವಚನ. ಜೀನ್ ನಮ್ಮ ಕೈಯಲ್ಲಿದೆ. ಒಳ್ಳೆಯ ಯೋಚನೆ, ಸೊಪ್ಪುಸದೆ, ಧ್ಯಾನ ಇದ್ದರೆ ಗುರುತು ಅಳಿಯುತ್ತದೆ. ಸಿಟ್ಟು ಒಳಗಿಟ್ಟುಕೊಂಡವರಿಗೆ ಗಂಟು ಬರುತ್ತದೆ. ಅಕ್ಕ ಅದನ್ನೆಲ್ಲ ನಂಬಿದಳು. ಎರಡನೇ ಮಗುವಿಗೆ ಏಳೇ ತಿಂಗಳು ಹಾಲು ಕೊಟ್ಟದ್ದು, ಅತ್ತೆಯ ಮೇಲೆ ವರ್ಷಗಟ್ಟಲೆ ಇಟ್ಟುಕೊಂಡ ಮುನಿಸು, ಮಾವಿನ ಮಿಡಿಯ ಉಪ್ಪಿನಕಾಯಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟ ಅನ್ನ, ಒಂದೊಂದನ್ನೂ ರಾತ್ರಿ ಎಣಿಸುತ್ತಿದ್ದಳು. ಹಿರಿಯ ಹೆಂಗಸಿನ ಮಾತು ಹಳೆಯ ಜನ್ಮಕ್ಕೆ ಹೋಗಿ ನಿಂತಿತ್ತು, ಅಲ್ಲಿ ಅಕ್ಕ ಮಾಡುವಂಥದ್ದು ಏನೂ ಇರಲಿಲ್ಲ. ಇದು ಈ ಜನ್ಮದ ಪ್ರತಿ ಊಟದೊಳಗೆ ಬಂದು ಕೂತಿತು. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಎಂದು ಕೇಳಿದರೆ ನಾನು ಎರಡನೆಯದು ಎನ್ನುತ್ತೇನೆ.

ನಡತೆಯ ಗುರುತು ಜೀನಿನ ಮೇಲೆ ಬೀಳುವುದೇ ಇಲ್ಲ ಎನ್ನುತ್ತಿಲ್ಲ. ಬೀಡಿ ಸಿಗರೇಟಿನ ಗುರುತು ರಕ್ತದ ಮಿಥೈಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಿಥೈಲ್ ತಯಾರಾಗುವುದಕ್ಕೆ ಸೊಪ್ಪು, ಬೇಳೆಗಳಲ್ಲಿರುವ ಫೋಲೇಟ್ ಬೇಕು, ಅದೂ ನಿಜ. ಆದರೆ ಯಾವ ಹೆಂಗಸಿನ ಯಾವ ಜೀನನ್ನು ಯಾವ ಊಟ ಮುಚ್ಚಿತು ಎಂದು ಹಿಂದಕ್ಕೆ ಓದುವ ಲಿಪಿ ಯಾರ ಬಳಿಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ಗುರುತು ಬಿಡುವುದು ವಯಸ್ಸು, ಬರೀ ಬದುಕಿರುವುದು. ಒಂದೇ ಬರಹ ಹೊತ್ತು ಹುಟ್ಟಿದ ಅವಳಿಗಳಲ್ಲೂ ವಯಸ್ಸಾದಂತೆ ಮಿಥೈಲ್ ಬೇರೆ ಬೇರೆಯಾಗುತ್ತದೆ. ಔಷಧದಿಂದ ಈ ಗುರುತನ್ನು ಅಳಿಸಬಹುದೇ ಎಂದೂ ನೋಡಿದ್ದಾರೆ. ಅಜಸೈಟಿಡಿನ್ ಎಂಬ ಔಷಧ ಮಜ್ಜೆಯ ಒಂದು ಕಾಯಿಲೆಗೆ ಅಮೆರಿಕದಲ್ಲಿ 2004ರಿಂದ ಒಪ್ಪಿತವಾಗಿದೆ. ಸ್ತನ ಕ್ಯಾನ್ಸರಿನ ದಿನನಿತ್ಯದ ಚಿಕಿತ್ಸೆಯಲ್ಲಿ ಅಂಥದ್ದಕ್ಕೆ ಜಾಗ ಸಿಕ್ಕಿಲ್ಲ. ಔಷಧಕ್ಕೆ ಆಗದ್ದನ್ನು ಒಳ್ಳೆಯ ಯೋಚನೆಯಿಂದ ಮಾಡು ಎಂದು ಕೂದಲುದುರಿದ ಹೆಂಗಸಿಗೆ ಹೇಳುವುದು ನ್ಯಾಯವಲ್ಲ.

ಅಕ್ಕ 2019ರ ಕಾರ್ತಿಕದಲ್ಲಿ ತೀರಿಕೊಂಡಳು. ಕಾಯಿಲೆ ಶ್ವಾಸಕೋಶಕ್ಕೆ ಬಂದಿತ್ತು. ಅವಳ ಪ್ರಶ್ನೆಗೆ ನಾನು ಹುಡುಕುತ್ತಿದ್ದ ಉತ್ತರ ಮೂರು ವರ್ಷ ತಡವಾಗಿ ಬಂತು. ನಾರ್ವೆಯ ಬೆರ್ಗೆನ್‌ನ ಸಂಶೋಧಕರು ಅಮೆರಿಕದ ಸಾವಿರಾರು ಹೆಂಗಸರು ಆರೋಗ್ಯವಾಗಿದ್ದಾಗ ಕೊಟ್ಟಿದ್ದ ಹಳೆಯ ರಕ್ತವನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರ ಬಿಳಿ ರಕ್ತಕಣಗಳಲ್ಲಿ, ಎಲ್ಲೋ ಕೆಲವು ಕಣಗಳಲ್ಲಿ, ಬಿಆರ್‌ಸಿಎ1 ಆಗಲೇ ಮಿಥೈಲ್‌ನಿಂದ ಮುಚ್ಚಿತ್ತು. ಅಂಥವರಿಗೆ ಮುಂದೆ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದೇ ತಂಡ ಆಗಷ್ಟೇ ಹುಟ್ಟಿದ ಹೆಣ್ಣುಕೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನೂ ನೋಡಿತು. ಅಲ್ಲೂ ಅದೇ ಗುರುತು. ಇನ್ನೂ ಒಂದು ಗುಟುಕು ಹಾಲು ಕುಡಿಯದ, ಯಾರ ಮೇಲೂ ಮುನಿಸಿಕೊಳ್ಳದ ಕೂಸಿನಲ್ಲಿ.

ಅಕ್ಕನದ್ದು ಅಂಥ ಹುಟ್ಟುಗುರುತೇ ಆಗಿತ್ತೋ, ನಡುವಯಸ್ಸಿನಲ್ಲಿ ಬಿದ್ದದ್ದೋ, ಹೇಳಲು ಬರುವುದಿಲ್ಲ. ಆದರೆ ಅವಳು ರಾತ್ರಿ ಎಣಿಸಿದ ಪಟ್ಟಿಯಲ್ಲೇ ಕಾರಣ ಇರಬೇಕು ಎನ್ನುವ ಮಾತು ಅಲ್ಲಿಗೆ ಮುರಿಯಿತು. ಅವಳಿಗೆ ಓದಿ ಹೇಳಲು ಆಗಲಿಲ್ಲವಲ್ಲ ಎಂಬ ನೋವು ನನ್ನಲ್ಲಿ ಇದೆ.

ಕರ್ಮಸಿದ್ಧಾಂತವನ್ನು ನಾನು ಬಿಟ್ಟಿಲ್ಲ. ಅದನ್ನು ಉತ್ತಮಪುರುಷದಲ್ಲಿ ಮಾತ್ರ ಓದಬೇಕು ಎಂದು ಕಲಿತಿದ್ದೇನೆ: ನಾನು ಏನು ಮಾಡುತ್ತಿದ್ದೇನೆ, ನನಗೆ ಏನು ಅಂಟುತ್ತಿದೆ. ಪ್ರತಿಕ್ರಮಣ ಮಾಡುವುದು ನಮ್ಮ ತಪ್ಪಿಗೆ, ನೆರೆಮನೆಯವರ ತಪ್ಪಿಗಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೇ ಅಧ್ಯಾಯ ಯಾವುದರಿಂದ ಯಾವ ಕರ್ಮ ಒಳಗೆ ಹರಿದು ಬರುತ್ತದೆ ಎಂದು ಬಿಡಿಸಿ ಹೇಳುತ್ತದೆ. ನೋವಿನ ಕರ್ಮವಾದ ಅಸಾತಾ ವೇದನೀಯ ಬರುವುದು ತನಗಾಗಲಿ ಇನ್ನೊಬ್ಬರಿಗಾಗಲಿ ದುಃಖ, ಶೋಕ, ಅಳು ತರಿಸುವುದರಿಂದ. ಜ್ಞಾನವನ್ನು ಮುಚ್ಚುವ ಕರ್ಮ ಬರುವುದು ತಿಳಿವನ್ನು ಬಚ್ಚಿಡುವುದರಿಂದ, ತಿಳಿವಿಗೆ ಅಡ್ಡ ಬರುವುದರಿಂದ. ಈ ಲೆಕ್ಕದಲ್ಲಿ ಆ ದಿನ ನಮ್ಮ ಮನೆಯಲ್ಲಿ ಕರ್ಮ ಕಟ್ಟಿಕೊಂಡವರು ಮಲಗಿದ್ದವಳಲ್ಲ, ಕಾಫಿ ಕುಡಿದು ಎದ್ದವರು.

ತಿಳಿವನ್ನು ಬಚ್ಚಿಟ್ಟ ಪಾಲು ಅಕ್ಕನದ್ದೂ ಇತ್ತು. ಅದನ್ನು ಅವಳೇ ಒಪ್ಪಿಕೊಂಡಳು. ಎಡ ಎದೆಯಲ್ಲಿ ಗೇರುಬೀಜದಷ್ಟು ಗಂಟು ಅವಳ ಕೈಗೆ ಸಿಕ್ಕಿದ್ದು 2016ರ ಸಂಕ್ರಾಂತಿಯ ಹೊತ್ತಿಗೆ. ಅವಳು ನನ್ನ ಕಿವಿಯಲ್ಲಿ ಹೇಳಿದ್ದು ಜೂನ್‌ನಲ್ಲಿ, ಶ್ರುತಪಂಚಮಿಯ ದಿನ, ಗುರು ಬಸದಿಯ ಜಗಲಿಯಲ್ಲಿ, ಒಳಗೆ ಗ್ರಂಥಗಳಿಗೆ ಪೂಜೆ ನಡೆಯುತ್ತಿದ್ದಾಗ. ಸ್ತನದ ಗಂಟನ್ನು ಇಡೀ ದಿನ ಪರೀಕ್ಷಿಸುವ ತಂಗಿ ಮೂವತ್ತೈದು ಕಿಲೋಮೀಟರ್ ದೂರದಲ್ಲಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳೆಂದಳು, ‘ಯಾರಾದರೂ ಕೇಳ್ತಾರಲ್ಲ, ಎಂತ ಪಾಪ ಮಾಡಿದ್ದು ಅಂತ.’ ಆ ಹಿರಿಯ ಹೆಂಗಸು ಬಾಯಿ ತೆರೆಯುವ ಏಳು ತಿಂಗಳ ಮೊದಲೇ ಅವರ ಮಾತು ಅಕ್ಕನ ಕಿವಿಯಲ್ಲಿತ್ತು. ಗೇರುಬೀಜದಷ್ಟಿದ್ದದ್ದು ಅವಳು ನನಗೆ ಹೇಳುವ ಹೊತ್ತಿಗೆ ನಿಂಬೆಹಣ್ಣಿನಷ್ಟಾಗಿ ಕಂಕುಳಿಗೆ ಹಬ್ಬಿತ್ತು.

2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡಿತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಅವರಲ್ಲಿ ಎಷ್ಟೋ ಮಂದಿ ತಡವಾಗಿ ಬಂದವರು. ಜೀನಿನ ಬಾಗಿಲು ಮುಚ್ಚುವುದನ್ನು ತಡೆಯಲು ಇವತ್ತು ನಮ್ಮಿಂದಾಗದು. ಬಾಯಿಯ ಬಾಗಿಲು ನಮ್ಮದೇ.

ಓದುತ್ತಿರುವ ಅಕ್ಕತಂಗಿಯರೇ, ಅಮ್ಮಂದಿರೇ, ಗಂಟು ಕೈಗೆ ಸಿಕ್ಕಿದ ದಿನವೇ ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅದೇ ವಾರ ಆಸ್ಪತ್ರೆಗೆ ಹೋಗಿ. ನೋಡಲು ಹೋಗುವವರೇ, ಊಟದ ಡಬ್ಬಿ ಒಯ್ಯಿರಿ; ರಾತ್ರಿ ಉಣ್ಣದ ನಮ್ಮವರ ಮನೆಯಾದರೆ ಸೂರ್ಯ ಮುಳುಗುವ ಮೊದಲು ಒಯ್ಯಿರಿ. ಅವಳ ಹಿಂದಿನ ಜನ್ಮದ ಬಗ್ಗೆ ಮಾತ್ರ ಏನೂ ಕೇಳಬೇಡಿ.